ಓದುಗರ ಪ್ರಶ್ನೆ, ವೈದ್ಯರ ಉತ್ತರ: ಕಿವಿಗೆ ಆಂಟಿಬಯಾಟಿಕ್ ಡ್ರಾಪ್ಸೇ ಬೇಕಾ?

ದಾವಣಗೆರೆಯಲ್ಲಿ ಕಿವಿ-ಮೂಗು-ಗಂಟಲು ವೈದ್ಯೆಯಾಗಿರುವ ನನಗೆ ಬೇಸಿಗೆ ಅಂದರೆ ಹೊರಗಿವಿ ಸೋಂಕಿನ ಕಾಲ. ಭದ್ರಾ ನಾಲೆಯಲ್ಲಿ ನೀರು, ಶಾಲೆಗೆ ರಜೆ, ಮೇಲೆ ಈ ಸೆಖೆ. ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಕಿವಿಯವೇ, ಅದರಲ್ಲೂ ಡ್ರಾಪ್ಸ್ ಬಗ್ಗೆ. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮದು ದಾವಣಗೆರೆ ಪಕ್ಕದ ಹಳ್ಳಿ. ಮಗನಿಗೆ 14 ವರ್ಷ. ರಜೆ ಬಂದಾಗಿನಿಂದ ನಾಲೆಯಲ್ಲೇ ಇರ್ತಾನೆ. ನಾಲ್ಕು ದಿನದಿಂದ ಬಲಗಿವಿ ನೋವು, ಮುಟ್ಟಿದರೆ ಕಿರುಚ್ತಾನೆ. ಡಾಕ್ಟರು ಆಂಟಿಬಯಾಟಿಕ್ ಮತ್ತು ಸ್ಟೀರಾಯ್ಡ್ ಎರಡೂ ಇರುವ ಡ್ರಾಪ್ಸ್ ಬರೆದರು. ಇಂಗ್ಲೆಂಡಿನಲ್ಲಿರುವ ನಮ್ಮ ಭಾವನವರ ಮಗಳು ಫೋನ್ ಮಾಡಿ, ‘ಚಿಕ್ಕಮ್ಮಾ, ಇಲ್ಲಿ ಇದಕ್ಕೆ ವಿನೆಗರ್ ಥರದ ಸ್ಪ್ರೇ ಸಿಗುತ್ತೆ, ಸುಮ್ನೆ ಆಂಟಿಬಯಾಟಿಕ್ ಯಾಕೆ ಹಾಕ್ತೀರಿ’ ಅಂದಳು. ನನಗೆ ಸ್ಟೀರಾಯ್ಡ್ ಅಂದರೇ ಭಯ. ಯಾರ ಮಾತು ಕೇಳಲಿ?
— ಒಬ್ಬ ತಾಯಿ, ದಾವಣಗೆರೆ ತಾಲ್ಲೂಕು

ಉತ್ತರ: ಅಮ್ಮಾ, ನಿಮ್ಮ ಡಾಕ್ಟರು ಹೇಳಿದ್ದೂ ಸರಿ, ಆ ಹುಡುಗಿ ಹೇಳಿದ್ದೂ ಸುಳ್ಳಲ್ಲ. ಆದರೆ ನಿಮ್ಮ ಮಗನಿಗೆ ಈಗ ಬೇಕಾಗಿರುವುದು ಡಾಕ್ಟರು ಬರೆದದ್ದೇ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಆಗ ಭಯವೂ ಹೋಗುತ್ತದೆ.

ಕಿವಿ ತೂತಿನ ಮುಂದೆ, ಕೆನ್ನೆ ಕಡೆಗೆ, ಒಂದು ಪುಟ್ಟ ಗುಬುಟು ಇರುತ್ತದಲ್ಲ, ಅದನ್ನು ಮೆಲ್ಲಗೆ ಒತ್ತಿ. ಅಥವಾ ಕಿವಿಯನ್ನು ಹಿಂದಕ್ಕೆ ಎಳೆಯಿರಿ. ಆಗ ಜೀವ ಹೋಗುವಷ್ಟು ನೋವಾದರೆ ಅದು ಹೆಚ್ಚಾಗಿ ಹೊರಗಿವಿಯ ಸೋಂಕು. ನೆಗಡಿ-ಕೆಮ್ಮಿನ ಜೊತೆ ಚಿಕ್ಕ ಮಕ್ಕಳಿಗೆ ಬರುವ ಕಿವಿನೋವು ಬೇರೆ. ಅದು ತಮಟೆಯ, ಅಂದರೆ ಕಿವಿಯೊಳಗಿನ ತೆಳು ಪರದೆಯ, ಹಿಂದೆ ಆಗುವಂಥದ್ದು. ಹೊರಗೆ ಎಳೆದರೂ ಒತ್ತಿದರೂ ಅದಕ್ಕೆ ಅಷ್ಟಾಗಿ ನೋವಾಗುವುದಿಲ್ಲ. ತಮಟೆ ತೂತಿಲ್ಲದೆ ಗಟ್ಟಿಯಿದ್ದರೆ ಹೊರಗೆ ಹಾಕಿದ ಡ್ರಾಪ್ಸ್ ಅದಕ್ಕೆ ತಲುಪುವುದೂ ಇಲ್ಲ.

ಹೊರಗಿನಿಂದ ತಮಟೆವರೆಗಿನ ದಾರಿ ದೊಡ್ಡವರಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್. ಒಳಗಿನ ಭಾಗದಲ್ಲಿ ಚರ್ಮ ತೀರಾ ತೆಳು, ನೇರವಾಗಿ ಮೂಳೆಗೆ ಅಂಟಿಕೊಂಡಿದೆ. ಊತ ಬಂದರೆ ಹಿಗ್ಗಲು ಜಾಗವೇ ಇಲ್ಲ. ಅದಕ್ಕೇ ಇಷ್ಟು ಚಿಕ್ಕ ಜಾಗದಲ್ಲಿ ಅಷ್ಟು ದೊಡ್ಡ ನೋವು. ಈ ಚರ್ಮವನ್ನು ಕಾಯುವುದು ನಾವು ಕಸ ಅಂದುಕೊಳ್ಳುವ ಗುಗ್ಗೆ. ಅದು ಜಿಡ್ಡಾಗಿದ್ದು ನೀರನ್ನು ತಡೆಯುತ್ತದೆ, ಸ್ವಲ್ಪ ಹುಳಿ ಗುಣದ್ದೂ ಹೌದು. ಹುಳಿಯಲ್ಲಿ ರೋಗಾಣು ಸುಲಭಕ್ಕೆ ಬೆಳೆಯುವುದಿಲ್ಲ. ಹುಡುಗ ಗಂಟೆಗಟ್ಟಲೆ ನಾಲೆಯಲ್ಲಿ ಮುಳುಗೇಳುತ್ತಾನೆ, ಗುಗ್ಗೆ ತೊಳೆದು ಹೋಗುತ್ತದೆ, ಚರ್ಮ ನೆನೆಯುತ್ತದೆ. ಮನೆಗೆ ಬಂದು ಬಡ್ಸ್ ಹಾಕಿ ತಿರುವಿದರೆ ಗೀರು ಬೀಳುತ್ತದೆ. ಅಲ್ಲಿಗೆ ಸ್ಯೂಡೊಮೊನಾಸ್ ಅಥವಾ ಸ್ಟೆಫೈಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಬಂದು ಕೂರುತ್ತವೆ. ಹೊರಗಿವಿಯ ಬ್ಯಾಕ್ಟೀರಿಯಾ ಸೋಂಕಿನಲ್ಲಿ ಮುಖ್ಯವಾಗಿ ಸಿಗುವುದು ಇವೆರಡೇ.

ಹಾಗಾದರೆ ಔಷಧಿಗೆ ಇರುವ ದಾರಿ ಎರಡು. ಒಂದು, ಆಂಟಿಬಯಾಟಿಕ್ ಹಾಕಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದು. ಇನ್ನೊಂದು, ಕಳೆದುಹೋದ ಹುಳಿಯನ್ನು ವಾಪಸ್ ಕೊಡುವುದು. ಇಂಗ್ಲೆಂಡಿನ ಸ್ಪ್ರೇಯಲ್ಲಿರುವುದು ಇದೇ, 2% ಅಸಿಟಿಕ್ ಆಮ್ಲ. ಅಲ್ಲಿ 12 ವರ್ಷ ದಾಟಿದವರಿಗೆ ಚೀಟಿ ಇಲ್ಲದೆಯೂ ಕೊಡುತ್ತಾರೆ. ಸ್ಟೀರಾಯ್ಡ್‌ನ ಕೆಲಸ ಬೇರೆ. ಅದು ಊತ ಇಳಿಸುತ್ತದೆ. ಊತ ಇಳಿದರೆ ನೋವು ಇಳಿಯುತ್ತದೆ, ಡ್ರಾಪ್ಸ್ ಒಳಗೆ ಹೋಗಲು ದಾರಿಯೂ ಬಿಡುತ್ತದೆ.

ಎರಡರಲ್ಲಿ ಯಾವುದು ಮೇಲು ಅಂತ ನೋಡಿದವರಿದ್ದಾರೆ. ನೆದರ್‌ಲೆಂಡ್ಸ್‌ನಲ್ಲಿ ಹೊರಗಿವಿ ಸೋಂಕಿಗೆ ತಮ್ಮ ಊರಿನ ಡಾಕ್ಟರ ಹತ್ತಿರ ಬಂದ 213 ವಯಸ್ಕರನ್ನು ಮೂರು ಗುಂಪು ಮಾಡಿದರು. 2003ರಲ್ಲಿ ಅದರ ಫಲಿತಾಂಶ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಬರೀ ಅಸಿಟಿಕ್ ಆಮ್ಲ ಹಾಕಿಕೊಂಡವರ ತೊಂದರೆ ಸಾಮಾನ್ಯವಾಗಿ 8 ದಿನ ಇತ್ತು. ಅದರ ಜೊತೆ ಸ್ಟೀರಾಯ್ಡ್ ಸೇರಿಸಿದವರಿಗೆ 7 ದಿನ. ಆಂಟಿಬಯಾಟಿಕ್ ಮತ್ತು ಸ್ಟೀರಾಯ್ಡ್ ಹಾಕಿಕೊಂಡವರಿಗೆ 6 ದಿನ. ನೋಡಿ, ಆಮ್ಲಕ್ಕೆ ಬರೀ ಸ್ಟೀರಾಯ್ಡ್ ಸೇರಿಸಿದ್ದಕ್ಕೇ ಒಂದು ದಿನ ಉಳಿಯಿತು.

ಆಮೇಲೆ 2010ರಲ್ಲಿ ಕೊಕ್ರೇನ್ ಸಂಸ್ಥೆಯವರು 19 ಪ್ರಯೋಗಗಳನ್ನು, ಒಟ್ಟು 3,382 ಜನರ ಲೆಕ್ಕವನ್ನು, ಒಟ್ಟಿಗೆ ಇಟ್ಟು ನೋಡಿದರು. ಮೊದಲ ವಾರದಲ್ಲಿ ಆಮ್ಲದ ಡ್ರಾಪ್ಸ್ ಮತ್ತು ಆಂಟಿಬಯಾಟಿಕ್-ಸ್ಟೀರಾಯ್ಡ್ ಡ್ರಾಪ್ಸ್ ಹೆಚ್ಚುಕಡಿಮೆ ಸಮ. ವಾರ ದಾಟಿಯೂ ಔಷಧಿ ಬೇಕಾದವರಲ್ಲಿ ಮಾತ್ರ ಆಮ್ಲ ಹಿಂದೆ ಬಿತ್ತು. ಆದರೆ ಆ ಪ್ರಯೋಗಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆ ಡ್ರಾಪ್ಸ್ ಜೊತೆ ಕಿವಿಯನ್ನು ಕ್ಲೀನ್ ಕೂಡ ಮಾಡಿದ್ದರು. ನನಗೆ ಮುಖ್ಯವಾಗಿ ಕಾಣುವುದು ಈ ಸಂಗತಿ. ಮೈಕ್ರೊಸ್ಕೋಪ್‌ನಲ್ಲಿ ಇಂಥ ಕಿವಿ ನೋಡಿದರೆ ಒಳಗೆ ಕೀವು, ನೆನೆದ ಚರ್ಮದ ಸಿಪ್ಪೆ, ಬಡ್ಸ್‌ನಿಂದ ಕಿತ್ತು ಬಂದ ಹತ್ತಿ ಎಳೆ, ಎಲ್ಲ ಮೆತ್ತಿಕೊಂಡಿರುತ್ತದೆ. ಅದರ ಮೇಲೆ ಎಂಥ ದುಬಾರಿ ಡ್ರಾಪ್ಸ್ ಬಿಟ್ಟರೂ ಮೇಲೆಯೇ ನಿಲ್ಲುತ್ತದೆ. ಅದನ್ನು ಸಕ್ಷನ್ನಿನಲ್ಲಿ ಎಳೆದು ತೆಗೆದ ಮೇಲೆ ಸಾಧಾರಣ ಡ್ರಾಪ್ಸೂ ಕೆಲಸ ಮಾಡುತ್ತದೆ.

ಈಗ ನಿಮ್ಮ ಮಗನ ವಿಷಯ. ಬರೀ ನವೆ, ಸ್ವಲ್ಪ ಭಾರ, ಮುಟ್ಟಿದರೆ ಅಷ್ಟಿಷ್ಟು ನೋವು ಇದ್ದಿದ್ದರೆ ನಾನೂ ಆಮ್ಲದ ಡ್ರಾಪ್ಸ್‌ನಿಂದಲೇ ಶುರು ಮಾಡುತ್ತಿದ್ದೆ. ಅದು ನಮ್ಮ ಕಡೆ ಎಲ್ಲ ಮೆಡಿಕಲ್ ಶಾಪ್‌ನಲ್ಲಿ ಸಿಗುವುದಿಲ್ಲ ಅನ್ನುವುದು ಬೇರೆ ಮಾತು. ನಾಲ್ಕು ದಿನ ಆಗಿದೆ, ಮುಟ್ಟಿದರೆ ಕಿರುಚುತ್ತಾನೆ ಅಂದರೆ ಊತ ಚೆನ್ನಾಗಿಯೇ ಇದೆ. ಹಸಿ ಚರ್ಮಕ್ಕೆ ಆಮ್ಲ ಬಿದ್ದರೆ ಉರಿಯುತ್ತದೆ. ಎರಡನೇ ಸಲ ಹುಡುಗ ಕಿವಿ ಕೊಡುವುದಿಲ್ಲ. ಆಂಟಿಬಯಾಟಿಕ್-ಸ್ಟೀರಾಯ್ಡ್ ಡ್ರಾಪ್ಸನ್ನೇ ಹಾಕಿ.

ಸ್ಟೀರಾಯ್ಡ್ ಬಗ್ಗೆ ಹೆದರಬೇಡಿ. ಕೆಲವೇ ಹನಿ, ಕೆಲವೇ ದಿನ, ಅದೂ ಹಾಕಿದ ಜಾಗದಲ್ಲೇ ಕೆಲಸ. ಆಂಟಿಬಯಾಟಿಕ್ ಬಗ್ಗೆ ನಿಮ್ಮ ಭಾವನವರ ಮಗಳ ಕಾಳಜಿಯನ್ನು ನಾನು ಮೆಚ್ಚುತ್ತೇನೆ. ಅದನ್ನು ಮಾತ್ರೆಗಳ ವಿಷಯದಲ್ಲಿ ತೋರಿಸೋಣ. ಹೊರಗಿವಿಯ ಸಾಧಾರಣ ಸೋಂಕಿಗೆ ಆಂಟಿಬಯಾಟಿಕ್ ಮಾತ್ರೆ ಬೇಡ. ಮಾತ್ರೆ ಇಡೀ ಮೈಗೆ ಹರಡಿ ಕಿವಿಗೆ ಚೂರೇ ಬರುತ್ತದೆ. ಡ್ರಾಪ್ಸ್‌ನಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಗಟ್ಟಿ ಔಷಧಿ ನೇರವಾಗಿ ಗಾಯದ ಮೇಲೆ ಬೀಳುತ್ತದೆ. ಜ್ವರ ಬಂದರೆ, ಕೆಂಪು ಊತ ಕಿವಿ ಹಾಲೆಗೋ ಕೆನ್ನೆಗೋ ಹರಡಿದರೆ, ಸಕ್ಕರೆ ಕಾಯಿಲೆ ಇದ್ದರೆ ಮಾತ್ರ ಮಾತ್ರೆಯ ಮಾತು.

ಡ್ರಾಪ್ಸ್ ಹಾಕುವ ರೀತಿ ಬಹಳ ಮುಖ್ಯ. ಹುಡುಗ ತಾನೇ ಹಾಕಿಕೊಳ್ಳುವುದು ಬೇಡ, ನೀವೇ ಹಾಕಿ. ಬಾಟಲಿಯನ್ನು ಮೊದಲು ಮುಷ್ಟಿಯಲ್ಲಿ ಎರಡು ನಿಮಿಷ ಹಿಡಿದು ಬೆಚ್ಚಗೆ ಮಾಡಿ. ತಣ್ಣಗಿನ ಹನಿ ಬಿದ್ದರೆ ತಲೆ ಸುತ್ತುತ್ತದೆ. ನೋಯುವ ಕಿವಿ ಮೇಲೆ ಬರುವಂತೆ ಮಲಗಿಸಿ. ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. (ಮೂರು ವರ್ಷದೊಳಗಿನ ಮಕ್ಕಳಿಗಾದರೆ ಕೆಳಕ್ಕೆ, ಹಿಂದಕ್ಕೆ.) ಹನಿಯನ್ನು ತೂತಿನ ನಡುವೆ ಬಿಡದೆ ಪಕ್ಕದ ಗೋಡೆಯ ಮೇಲೆ ಇಳಿಯಲು ಬಿಡಿ, ಒಳಗಿನ ಗಾಳಿ ಹೊರಗೆ ಬರಲಿ. ಆಮೇಲೆ ಮುಂದಿನ ಗುಬುಟನ್ನು ಮೆಲ್ಲಗೆ ನಾಲ್ಕೈದು ಸಲ ಒತ್ತಿ ಬಿಡಿ. ಹನಿ ಒಳಗೆ ಇಳಿಯುವುದು ನಿಮ್ಮ ಕಣ್ಣಿಗೇ ಕಾಣುತ್ತದೆ. ಐದು ನಿಮಿಷ ಹಾಗೇ ಮಲಗಿರಲಿ.

ತೂತು ಪೂರ್ತಿ ಮುಚ್ಚಿಕೊಂಡಿದ್ದರೆ ಹನಿ ಇಳಿಯುವುದೇ ಇಲ್ಲ, ಪಕ್ಕಕ್ಕೆ ಹರಿದು ಬರುತ್ತದೆ. ಆಗ ನಾವು ‘ವಿಕ್’ ಅನ್ನುವ ಸಣ್ಣ ಬತ್ತಿಯನ್ನು ಒಳಗಿಡುತ್ತೇವೆ. ಅದರ ಮೇಲೆ ಹನಿ ಬಿಟ್ಟರೆ ಹೀರಿಕೊಂಡು ಒಳಗೆ ಮುಟ್ಟಿಸುತ್ತದೆ. ಒಂದೆರಡು ದಿನದಲ್ಲಿ ಊತ ಇಳಿದ ಮೇಲೆ ತೆಗೆಯುತ್ತೇವೆ. ಡ್ರಾಪ್ಸ್ ಕೆಲಸ ಶುರು ಮಾಡುವವರೆಗೆ ನೋವಿಗೆ ಪ್ಯಾರಸಿಟಮಾಲ್ ಕೊಡಿ, ಸಹಿಸಿಕೊ ಅಂತ ಹುಡುಗನಿಗೆ ಹೇಳಬೇಡಿ.

ಎರಡು-ಮೂರು ದಿನದಲ್ಲಿ ನೋವು ಇಳಿಮುಖ ಆಗಬೇಕು. ಆಗದಿದ್ದರೆ ಡ್ರಾಪ್ಸ್ ಬದಲಾಯಿಸುವ ಮೊದಲು ಕಿವಿಯನ್ನು ಮತ್ತೆ ತೋರಿಸಿ. ನೋವು ಹೋಯಿತು ಅಂತ ಮೂರನೇ ದಿನಕ್ಕೆ ನಿಲ್ಲಿಸಬೇಡಿ. ಕಡೇಪಕ್ಷ ಒಂದು ವಾರ ಹಾಕಿ. ಆಮೇಲೂ ಸ್ವಲ್ಪ ಉಳಿದಿದ್ದರೆ ಹೋಗುವವರೆಗೆ, ಆದರೆ ಎರಡು ವಾರ ಮೀರಬಾರದು. ಅಲ್ಲಿಯವರೆಗೆ ನಾಲೆ ಬಂದ್. ಸ್ನಾನಕ್ಕೆ ಹತ್ತಿಗೆ ವ್ಯಾಸಲೀನ್ ಸವರಿ ಕಿವಿಯ ಬಾಯಿಗಷ್ಟೇ ಇಡಿ.

ಪ್ರಶ್ನೆ: ನನಗೆ 36 ವರ್ಷ. ಚಿಕ್ಕಂದಿನಿಂದ ಎಡಗಿವಿ ಸೋರುತ್ತಿತ್ತು, ತಮಟೆ ತೂತಾಗಿದೆ ಅಂತ ಆಗಲೇ ಹೇಳಿದ್ದರು. ಈಗ ಅದೇ ಕಿವಿ ಹೊರಗೆಲ್ಲ ಊದಿದೆ. ಮೆಡಿಕಲ್ ಶಾಪ್‌ನಲ್ಲಿ ಕೇಳಿದಾಗ ಕಣ್ಣಿಗೂ ಕಿವಿಗೂ ಬರುವ ಜೆಂಟಾಮೈಸಿನ್ ಡ್ರಾಪ್ಸ್ ಕೊಟ್ಟರು. ಹಾಕಬಹುದಾ?
— ಓದುಗಿ, ಹೊನ್ನಾಳಿ

ಉತ್ತರ: ಬೇಡಮ್ಮ. ದಯವಿಟ್ಟು ಅದನ್ನು ಪಕ್ಕಕ್ಕಿಡಿ. ಜೆಂಟಾಮೈಸಿನ್, ನಿಯೊಮೈಸಿನ್ ಜಾತಿಯ ಔಷಧಿಗಳು ತಮಟೆಯ ತೂತಿನಿಂದ ಒಳಗಿವಿಗೆ ಹೋದರೆ ಕೇಳುವ ನರಕೋಶಗಳಿಗೂ, ಸಮತೋಲ ಕಾಯುವ ಕೋಶಗಳಿಗೂ ಹಾನಿ ಮಾಡಬಲ್ಲವು. ಹಾಗೆ ಹೋದ ಕೇಳುವಿಕೆ ವಾಪಸ್ ಬರುವುದಿಲ್ಲ. ನಿಯೊಮೈಸಿನ್‌ಗೆ ಇನ್ನೊಂದು ತೊಂದರೆಯೂ ಇದೆ. ಕೆಲವರ ಚರ್ಮಕ್ಕೆ ಅದು ಒಗ್ಗುವುದಿಲ್ಲ. ಕಿವಿ ಹಾಲೆವರೆಗೂ ಕೆಂಪಾಗಿ ನೀರು ಒಸರುತ್ತದೆ. ಜನ ಸೋಂಕು ಜಾಸ್ತಿ ಆಯ್ತು ಅಂದುಕೊಂಡು ಅದನ್ನೇ ಇನ್ನಷ್ಟು ಹಾಕುತ್ತಾರೆ.

ಮೇಲೆ ಹೇಳಿದ ಆಮ್ಲದ ಡ್ರಾಪ್ಸೂ ನಿಮಗಲ್ಲ. ತಮಟೆ ತೂತಿದ್ದವರಿಗೆ ಸಿಪ್ರೊಫ್ಲಾಕ್ಸಾಸಿನ್ ಅಥವಾ ಓಫ್ಲಾಕ್ಸಾಸಿನ್ ಡ್ರಾಪ್ಸ್ ಒಳಗಿವಿಗೆ ಅಪಾಯವಿಲ್ಲದವು. ಆಂಟಿಬಯಾಟಿಕ್ ಬೇಕಾ ಬೇಡ್ವಾ ಅನ್ನುವುದು ನಿಮ್ಮ ವಿಷಯದಲ್ಲಿ ಎರಡನೇ ಪ್ರಶ್ನೆ, ತಮಟೆ ಗಟ್ಟಿಯಿದೆಯಾ ಅನ್ನುವುದೇ ಮೊದಲನೆಯದು. ಯಾವ ಅಂಗಡಿಗೆ ಹೋದರೂ, ಯಾವ ಡಾಕ್ಟರ ಹತ್ತಿರ ಹೋದರೂ ‘ನನ್ನ ತಮಟೆ ತೂತಿದೆ’ ಅಂತ ಕೇಳುವ ಮೊದಲೇ ಹೇಳಿ. ಈ ಸೋಂಕು ಇಳಿದ ಮೇಲೆ ತೂತು ಮುಚ್ಚುವ ಆಪರೇಷನ್ ಬಗ್ಗೆಯೂ ವಿಚಾರಿಸಿ. 36 ದೊಡ್ಡ ವಯಸ್ಸೇನಲ್ಲ.

ಪ್ರಶ್ನೆ: ಅಡುಗೆ ವಿನೆಗರ್‌ನಲ್ಲೂ ಅಸಿಟಿಕ್ ಆಮ್ಲವೇ ಇರೋದಂತೆ. ಹಾಗಿದ್ದರೆ ಅದನ್ನೇ ಹಾಕಿದರೆ ಆಗಲ್ವಾ?
— ಓದುಗ, ಹರಿಹರ

ಉತ್ತರ: ನೋಯುತ್ತಿರುವ ಕಿವಿಗೆ ಬೇಡ. ಅಂಗಡಿಯ ವಿನೆಗರ್‌ನಲ್ಲಿ ಸುಮಾರು 4-5% ಆಮ್ಲ, ಔಷಧಿಯಲ್ಲಿ 2%. ಹುಣ್ಣಾದ ಚರ್ಮಕ್ಕೆ ಆ ವ್ಯತ್ಯಾಸ ದೊಡ್ಡದು. ಹೊರ ದೇಶಗಳಲ್ಲಿ ಈಜಿ ಬಂದ ಮೇಲೆ ಬಿಳಿ ವಿನೆಗರ್ ಮತ್ತು ಸ್ಪಿರಿಟ್ ಸಮಸಮ ಬೆರೆಸಿ ಕೆಲವು ಹನಿ ಬಿಟ್ಟುಕೊಳ್ಳುವ ರೂಢಿ ಇದೆ. ಅದು ಸೋಂಕು ಬರದಂತೆ ತಡೆಯಲು ಮಾತ್ರ, ಅದೂ ತಮಟೆ ಗಟ್ಟಿಯಿದೆ ಅಂತ ಗೊತ್ತಿದ್ದವರಿಗೆ. ತುಂಗಭದ್ರೆಯಲ್ಲಿ ಈಜಿ ಬಂದ ಮೇಲೆ ತಲೆ ವಾಲಿಸಿ ನೀರು ಇಳಿಸಿ, ಟವೆಲ್‌ನಿಂದ ಹೊರಗೆ ಒರೆಸಿ, ಮನೆಯಲ್ಲಿ ಹೇರ್ ಡ್ರೈಯರ್ ಇದ್ದರೆ ಕಡಿಮೆ ಬಿಸಿಯಲ್ಲಿ ಒಂದು ಅಡಿ ದೂರ ಹಿಡಿಯಿರಿ. ಬಹಳಷ್ಟು ಜನಕ್ಕೆ ಅಷ್ಟೇ ಸಾಕು.

ಪ್ರಶ್ನೆ: ಮೇಡಂ, ನಾನು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡ್ತೀನಿ. ಬೆವರು, ಧೂಳು ಎರಡೂ ಇದ್ದದ್ದೇ. ಕಿವಿ ನೋವಿಗೆ ಅಂತ ಆಂಟಿಬಯಾಟಿಕ್ ಡ್ರಾಪ್ಸ್ ಹಾಕಿದೆ, ನೋವು ಹೋಯ್ತು. ಮತ್ತೆ ಬರದಿರಲಿ ಅಂತ ತಿಂಗಳುಗಟ್ಟಲೆ ಹಾಕ್ತಾ ಬಂದೆ. ಈಗ ನೋವಿಲ್ಲ, ಆದರೆ ಹುಚ್ಚು ಹಿಡಿಯೋವಷ್ಟು ನವೆ, ಕಿವಿ ಮುಚ್ಚಿದ ಹಾಗೆ. ನಾಲ್ಕು ಔಷಧಿ ಸೇರಿರುವ ಇನ್ನೊಂದು ಡ್ರಾಪ್ಸ್ ತಗೋ ಅಂತಾರೆ ಸ್ನೇಹಿತರು.
— ಓದುಗ, ದಾವಣಗೆರೆ

ಉತ್ತರ: ನೀವು ಹೇಳುವುದನ್ನು ಕೇಳಿದರೆ ಇದು ಫಂಗಸ್ ಇರಬಹುದು. ನೋವಿಗಿಂತ ನವೆ ಜಾಸ್ತಿ, ಕಿವಿ ಕಟ್ಟಿದ ಹಾಗೆ ಅನ್ನುವುದು ಅದರ ಗುರುತು. ಆಂಟಿಬಯಾಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಫಂಗಸ್‌ಗೆ ಅದರಿಂದ ಏನೂ ಆಗುವುದಿಲ್ಲ. ತಿಂಗಳುಗಟ್ಟಲೆ ಹಾಕಿದಾಗ ಒದ್ದೆಯೂ ಉಳಿಯಿತು, ಬ್ಯಾಕ್ಟೀರಿಯಾ ಖಾಲಿಯಾದ ಜಾಗವೂ ಸಿಕ್ಕಿತು, ಭಟ್ಟಿಯ ಬೆವರೂ ಸೇರಿತು. ಆಸ್ಪರ್ಜಿಲಸ್ ನೈಜರ್ ಅನ್ನುವ ಫಂಗಸ್ ಬೆಳೆದ ಕಿವಿಯೊಳಗೆ ನೋಡಿದರೆ ನೆನೆದ ನ್ಯೂಸ್‌ಪೇಪರ್ ತುರುಕಿದ ಹಾಗೆ ಕಾಣುತ್ತದೆ. ಬೂದು ಬಣ್ಣದ ಒದ್ದೆ ಪದರ, ಮೇಲೆ ಸಣ್ಣ ಸಣ್ಣ ಕಪ್ಪು ಚುಕ್ಕಿ.

ಆಂಟಿಬಯಾಟಿಕ್ ಡ್ರಾಪ್ಸ್ ಇವತ್ತೇ ನಿಲ್ಲಿಸಿ. ಕಿವಿಯನ್ನು ಡಾಕ್ಟರ ಹತ್ತಿರ ಕ್ಲೀನ್ ಮಾಡಿಸಿಕೊಳ್ಳಿ. ಒಂದೇ ಸಲಕ್ಕೆ ಮುಗಿಯದೆ ಇರಬಹುದು, ಕರೆದಾಗ ಮತ್ತೆ ಹೋಗಿ. ಆಮೇಲೆ ಕ್ಲೋಟ್ರಿಮಜೋಲ್ ಡ್ರಾಪ್ಸ್. ಫಂಗಸ್ ಹುಳಿಯಲ್ಲೂ ಕಷ್ಟಪಡುತ್ತದೆ, ಹಾಗಾಗಿ ಆಮ್ಲದ ಡ್ರಾಪ್ಸ್ ಇಲ್ಲಿಯೂ ಒಂದು ದಾರಿ.

ಆ ನಾಲ್ಕು ಔಷಧಿಯ ಬಾಟಲಿ ನಮ್ಮ ಊರಿನಲ್ಲಿ ಬಹಳ ಓಡುತ್ತದೆ. ಸಾಮಾನ್ಯವಾಗಿ ಅದರಲ್ಲಿರುವುದು ಕ್ಲೋರಾಂಫೆನಿಕಾಲ್, ಕ್ಲೋಟ್ರಿಮಜೋಲ್, ಬೆಕ್ಲೊಮೆಥಾಸೋನ್ ಅನ್ನುವ ಸ್ಟೀರಾಯ್ಡ್, ಮತ್ತು ಮರಗಟ್ಟಿಸುವ ಲಿಗ್ನೊಕೇನ್. ನಿಮಗೆ ಬೇಕಾದದ್ದು ಅದರಲ್ಲಿ ಒಂದೇ. ನಾಲೆಯಲ್ಲಿ ಈಜುವ ಆ ಹುಡುಗನಂಥವರಿಗೂ ನಾನು ಇದನ್ನು ಮೊದಲಿಗೆ ಬರೆಯುವುದಿಲ್ಲ. ಅಂಥ ಕಿವಿಯಲ್ಲಿ ಹೆಚ್ಚಾಗಿ ಸಿಗುವ ಸ್ಯೂಡೊಮೊನಾಸ್‌ಗೆ ಕ್ಲೋರಾಂಫೆನಿಕಾಲ್ ನಾಟುವುದೇ ಇಲ್ಲ ಅನ್ನಬಹುದು. ಲಿಗ್ನೊಕೇನ್ ನೋವನ್ನು ಮುಚ್ಚಿಡುತ್ತದೆ. ಸೋಂಕು ಇಳಿಯುತ್ತಿದೆಯೋ ಏರುತ್ತಿದೆಯೋ ನಿಮಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಏನಾಗಿದೆ ಅಂತ ನೋಡದೇ ನಾಲ್ಕೂ ದಿಕ್ಕಿಗೆ ಒಂದೊಂದು ಔಷಧಿ ಬಿಡುವುದು ನನಗೆ ಒಪ್ಪಿಗೆಯಿಲ್ಲ.

ಭಟ್ಟಿಗೆ ಹೋಗುವಾಗ ತಲೆಗೆ ಕಟ್ಟುವ ಟವೆಲ್ ಕಿವಿಯ ಮೇಲೂ ಬರಲಿ. ನವೆಗೆ ಬೆಂಕಿಕಡ್ಡಿ, ಪಿನ್, ಬೈಕ್ ಕೀ ಯಾವುದನ್ನೂ ಹಾಕಬೇಡಿ.

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ, ಸಕ್ಕರೆ ಕಾಯಿಲೆ ಇದೆ. ಒಂದು ತಿಂಗಳಿಂದ ಕಿವಿ ನೋವು, ರಾತ್ರಿ ನಿದ್ದೆಯೇ ಇಲ್ಲ. ಎರಡು ಥರದ ಡ್ರಾಪ್ಸ್ ಹಾಕಿ ಆಯಿತು. ಆಂಟಿಬಯಾಟಿಕ್ ಇರುವುದು, ಇಲ್ಲದ್ದು, ಇನ್ಯಾವುದು ಹಾಕಬೇಕು?
— ಓದುಗ, ಚಿತ್ರದುರ್ಗ

ಉತ್ತರ: ಡ್ರಾಪ್ಸ್ ಮಾತು ಬಿಡಿ. ಈ ಸಾಲು ಓದಿದ ದಿನವೇ ಅವರನ್ನು ಇಎನ್‌ಟಿ ವಿಭಾಗ ಇರುವ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸಕ್ಕರೆ ಕಾಯಿಲೆಯ ವಯಸ್ಸಾದವರಲ್ಲಿ ವಾರಗಟ್ಟಲೆ ಇಳಿಯದ, ರಾತ್ರಿ ಜಾಸ್ತಿಯಾಗುವ ಕಿವಿನೋವು ಅಂದರೆ ಸೋಂಕು ಚರ್ಮ ದಾಟಿ ತಲೆಬುರುಡೆಯ ಮೂಳೆಗೆ ಇಳಿದಿದೆಯಾ ಅಂತ ನೋಡಲೇಬೇಕು. ಇದಕ್ಕೂ ಹೆಚ್ಚಿನ ಸಲ ಕಾರಣ ಅದೇ ಸ್ಯೂಡೊಮೊನಾಸ್. ಸಿ.ಟಿ. ಸ್ಕ್ಯಾನ್ ಬೇಕಾಗಬಹುದು. ಕಿವಿಯೊಳಗಿನ ಮಾಂಸದ ತುಣುಕನ್ನು ಪರೀಕ್ಷೆಗೆ ಕಳಿಸಬೇಕಾಗಬಹುದು. ಇಲ್ಲಿ ಆಂಟಿಬಯಾಟಿಕ್ ರಕ್ತದ ಮೂಲಕವೇ ಹೋಗಬೇಕು, ಇಂಜೆಕ್ಷನ್ ಅಥವಾ ಮಾತ್ರೆ, ಅದೂ ವಾರಗಟ್ಟಲೆ. ಮಾತ್ರೆ ಬೇಡ ಅಂತ ಮೊದಲ ಪತ್ರಕ್ಕೆ ಬರೆದದ್ದು ನಿಮ್ಮ ತಂದೆಗೆ ಅನ್ವಯಿಸುವುದಿಲ್ಲ.

ನೋವಿರುವ ಕಡೆಯ ಕಣ್ಣು ಪೂರ್ತಿ ಮುಚ್ಚುತ್ತದಾ, ನಕ್ಕಾಗ ಬಾಯಿ ಒಂದು ಕಡೆಗೆ ಎಳೆಯುತ್ತದಾ ಅಂತ ಈಗಲೇ ನೋಡಿ. ಹಾಗಾಗುತ್ತಿದ್ದರೆ ಮುಖದ ನರಕ್ಕೆ ತಾಗಿದೆ ಅಂತ, ಬೆಳಗಾಗುವವರೆಗೂ ಕಾಯಬೇಡಿ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ಚೀಟಿಗಳನ್ನೂ ಜೊತೆಗೆ ಒಯ್ಯಿರಿ. ಸಕ್ಕರೆ ಹತೋಟಿಗೆ ಬರದಿದ್ದರೆ ಈ ಸೋಂಕು ಇಳಿಯುವುದು ಕಷ್ಟ. ಸರಿಯಾದ ಸಮಯಕ್ಕೆ ಹಿಡಿದರೆ ಇದು ವಾಸಿಯಾಗುವ ಕಾಯಿಲೆ, ಧೈರ್ಯವಾಗಿರಿ.

ಪ್ರಶ್ನೆ: ರಾತ್ರಿ ಮೊಮ್ಮಗಳಿಗೆ ಕಿವಿ ನೋವು ಬಂದರೆ ನಾನು ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಬಿಡುತ್ತೇನೆ. ಸೊಸೆ ಬೇಡ ಅನ್ನುತ್ತಾಳೆ. ನಮ್ಮ ಕಾಲದಲ್ಲಿ ಎಲ್ಲ ಇದೇ ಮಾಡುತ್ತಿದ್ದೆವು.
— ಅಜ್ಜಿ, ಹೊಳಲ್ಕೆರೆ

ಉತ್ತರ: ಅಜ್ಜಿ, ಈ ವಿಷಯದಲ್ಲಿ ಸೊಸೆಯ ಮಾತು ಕೇಳಿ. ಕಾದ ಎಣ್ಣೆಯಿಂದ ಕಿವಿಯ ಚರ್ಮ ಸುಟ್ಟ ಮಕ್ಕಳನ್ನು ನಾನು ನೋಡಿದ್ದೇನೆ. ಆರಿಸಿ ಬಿಟ್ಟರೂ, ತಮಟೆ ತೂತಿದ್ದರೆ ಎಣ್ಣೆ ಒಳಗೆ ಸೇರುತ್ತದೆ. ಇಲ್ಲದಿದ್ದರೆ ಹೊರಗೇ ನಿಂತು, ಬೆಳಿಗ್ಗೆ ಡಾಕ್ಟರು ನೋಡಿದಾಗ ಎಣ್ಣೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಮಗುವಿನ ತೂಕಕ್ಕೆ ತಕ್ಕಷ್ಟು ಪ್ಯಾರಸಿಟಮಾಲ್ ಸಿರಪ್ ಕೊಡಿ. ಮಡಿಸಿದ ಹತ್ತಿ ಬಟ್ಟೆಯನ್ನು ಬೆಚ್ಚಗೆ ಮಾಡಿ, ನಿಮ್ಮ ಕೆನ್ನೆಗೆ ಇಟ್ಟು ನೋಡಿ, ಆಮೇಲೆ ಅವಳ ಕಿವಿಯ ಹೊರಗೆ ಇಡಿ. ಬೆಳಿಗ್ಗೆ ಸೊಸೆ ಜೊತೆ ಆಸ್ಪತ್ರೆಗೆ ಕಳಿಸಿ.